ತೊಂಬತ್ತಾರು ಅರ್ಧಚ್ಛೇದಗಳ ಒಂದು ಸಂಖ್ಯೆ



ಕೃಷ್ಣೆ ತುಂಗಭದ್ರೆಗಳ ನಡುವಣ ಈ ದೋಆಬಿನ ನೆಲದಲ್ಲಿ ಲೆಕ್ಕವೆಂಬುದು ಯಾರಿಗೂ ಹೊಸದಲ್ಲ. ಅರಳೆ, ಭತ್ತ, ಶೇಂಗಾಗಳ ವ್ಯಾಪಾರದಲ್ಲಿ ತಲೆಮಾರುಗಳಿಂದ ತೊಡಗಿದ ಮನೆತನಗಳಲ್ಲಿ ಮಗು ಅಕ್ಷರಕ್ಕಿಂತ ಮೊದಲೇ ಅಂಕಿಯನ್ನು ಕಲಿಯುವುದುಂಟು. ದೇವದುರ್ಗದ ಬಡಗಣ ಎಲ್ಲೆಯಲ್ಲಿ ಹರಿಯುವ ಕೃಷ್ಣೆಯನ್ನು ದಾಟಿ ಯಾದಗಿರಿಯ ಮಾರ್ಗವಾಗಿ ಮುಂದುವರಿದರೆ ಕಾಗಿಣಾ ನದಿಯ ದಂಡೆಯ ಮಳಖೇಡ ಸಿಕ್ಕುತ್ತದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಕೊಂಡಾಡಿ ಮಹಾವೀರಾಚಾರ್ಯರು 9ನೆಯ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಜೈನ ಗಣಿತದ ವಿಷಯ ಬಂದಾಗಲೆಲ್ಲ ಆ ಗ್ರಂಥದ ಹೆಸರು ಕೇಳಿಬರುವುದು ನ್ಯಾಯವೇ. ಆದರೆ ಇಂದಿನ ಉಪನ್ಯಾಸದ ವಸ್ತು ಅದಕ್ಕಿಂತ ಕಡಿಮೆ ಪರಿಚಿತವಾದ, ಸಿದ್ಧಾಂತ ಗ್ರಂಥಗಳ ಒಳಗೆ ಅಡಗಿರುವ ಒಂದೇ ಒಂದು ಪೂರ್ಣಾಂಕ. ಅದು ಇದು:

79,22,81,62,51,42,64,33,75,93,54,39,50,336.

ಇದರಲ್ಲಿ 29 ಅಂಕಸ್ಥಾನಗಳಿವೆ. ಮಹಾವೀರಾಚಾರ್ಯರು ಏಕದಿಂದ ಮೊದಲುಮಾಡಿ ಮಹಾಕ್ಷೋಭದವರೆಗೆ ಹೆಸರಿಟ್ಟು ಹೇಳಿದ ಸ್ಥಾನಗಳು 24. ಅವರ ಹೆಸರುಗಳೆಲ್ಲ ಮುಗಿದ ಮೇಲೂ ಈ ಸಂಖ್ಯೆ ಇನ್ನೂ ಐದು ಮನೆ ಮುಂದಕ್ಕೆ ಹೋಗುತ್ತದೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯೆಂದು ಹೇಳಿರುವುದು ಇದನ್ನೇ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳಾದ ಇವರ ಕಾಲ 10ನೆಯ ಶತಮಾನದ ಉತ್ತರಾರ್ಧ.

ಇಷ್ಟು ಉದ್ದದ ಸಂಖ್ಯೆಯನ್ನು ಗಾಹೆಯೊಳಗೆ ಹಿಡಿಸಿದ ಬಗೆಯೇ ಸ್ವಾರಸ್ಯವಾದುದು. ಆಚಾರ್ಯರು ಅಂಕಗಳನ್ನು ಬರೆಯದೆ ಅಕ್ಷರಗಳನ್ನು ಬರೆದರು. ಕಟಪಯಾದಿ ಎಂಬ ಆ ಪದ್ಧತಿಯಲ್ಲಿ ಕ ಮೊದಲಾದ ಒಂಬತ್ತು ಅಕ್ಷರಗಳಿಗೆ ಒಂದರಿಂದ ಒಂಬತ್ತು ಬೆಲೆ. ಟ ಮೊದಲಾದ ಒಂಬತ್ತಕ್ಕೂ ಹಾಗೆಯೇ. ಪ ಮೊದಲಾದ ಐದಕ್ಕೆ ಒಂದರಿಂದ ಐದು. ಯ ಮೊದಲಾದ ಎಂಟಕ್ಕೆ ಒಂದರಿಂದ ಎಂಟು. ಞ ಮತ್ತು ನ ಸೊನ್ನೆಗಳು. ಅಂಕಗಳನ್ನು ಬಿಡಿಸ್ಥಾನದಿಂದ ಎಡಕ್ಕೆ ಇಡುತ್ತ ಹೋಗಬೇಕು. ಗಾಹೆಯ ಮೊದಲ ಅಕ್ಷರ ‘ತ’. ಟವರ್ಗದಿಂದ ಎಣಿಸಿದರೆ ಅದು ಆರನೆಯದು, ಆದುದರಿಂದ ಬಿಡಿಸ್ಥಾನದಲ್ಲಿ 6. ಅನಂತರದ ಎರಡು ಅಕ್ಷರಗಳು ‘ಲ’ಕಾರಗಳು; ಯ, ರ, ಲ ಎಂದು ಎಣಿಸಿದರೆ ಮೂರು, ಮೂರು. ಆಮೇಲೆ ‘ನ’, ಅಂದರೆ ಸೊನ್ನೆ. ಹೀಗೆ 29 ಅಕ್ಷರಗಳನ್ನು ಬಿಡಿಸಿ, ಕಡೆಯ ಎರಡಾದ ‘ಝ’ ಮತ್ತು ‘ಸ’ಗಳಿಗೆ 9 ಮತ್ತು 7 ಇಟ್ಟರೆ ಮೇಲಿನ ಸಂಖ್ಯೆ ಒಂದಂಕಿಯೂ ತಪ್ಪದೆ ದೊರೆಯುತ್ತದೆ. ಸಾವಿರ ವರ್ಷಗಳ ಕಾಲ ಕೈಯಿಂದ ಕೈಗೆ ಪ್ರತಿಯಾಗುತ್ತ ಬಂದ ಅಕ್ಷರಗಳು ಇವು ಎಂಬುದನ್ನು ನೆನೆದರೆ ಇದೇನೂ ಸಾಮಾನ್ಯವಲ್ಲ.

ಈ ಸಂಖ್ಯೆ ಹುಟ್ಟಿದ್ದು ಹೇಗೆ? ಎರಡನ್ನು ಎರಡರಿಂದಲೇ ಗುಣಿಸಿದರೆ 4. ಇದು ಎರಡರ ಮೊದಲನೆಯ ವರ್ಗ. ನಾಲ್ಕರ ವರ್ಗ 16, ಎರಡನೆಯದು. ಮೂರನೆಯದು 256. ನಾಲ್ಕನೆಯದು 65,536. ಐದನೆಯದು 429,49,67,296. ಆರನೆಯದು 1,84,46,74,40,73,70,95,51,616. ಐದನೆಯ ವರ್ಗವನ್ನು ಆರನೆಯ ವರ್ಗದಿಂದ ಗುಣಿಸಿದರೆ ಬರುವುದೇ 29 ಸ್ಥಾನಗಳ ಈ ಸಂಖ್ಯೆ. ಐದನೆಯ ವರ್ಗದ ಘನವೆಂದರೂ ಒಂದೇ. ಗೊಮ್ಮಟಸಾರ ಹೇಳುವುದು ಈ ಎರಡನೆಯ ರೀತಿಯಲ್ಲಿ. ಶ್ವೇತಾಂಬರ ಆಗಮವಾದ ‘ಅನುಯೋಗದ್ವಾರ ಸೂತ್ರ’ದಲ್ಲಿಯೂ ಇದೇ ಸಂಖ್ಯೆಯಿದೆ. ಅಲ್ಲಿ ಇದನ್ನು ಗುರುತಿಸಲು ಇನ್ನೊಂದು ಲಕ್ಷಣವನ್ನು ಕೊಟ್ಟಿದೆ: 96 ಸಲ ಅರ್ಧಮಾಡಬಹುದಾದ ಸಂಖ್ಯೆ.

ಈ ಲಕ್ಷಣದಲ್ಲಿಯೇ ಇದರ ಜೀವಾಳವಿದೆ. ದೊಡ್ಡ ಸಂಖ್ಯೆಯನ್ನು ಹೇಳುವುದು ಕಷ್ಟವಲ್ಲ. ಒಂದರ ಮುಂದೆ ಸೊನ್ನೆಗಳನ್ನು ಇಡುತ್ತ ಹೋದರಾಯಿತು. ಆದರೆ ಆ ಸೊನ್ನೆಗಳಿಂದ ತಿಳಿಯುವುದು ಗಾತ್ರ ಮಾತ್ರ. ಅರ್ಧಮಾಡುತ್ತ ಹೋಗಿ 96ನೆಯ ಸಲಕ್ಕೆ ಸರಿಯಾಗಿ ಒಂದಕ್ಕೆ ಬಂದು ನಿಲ್ಲುವುದು ಗಾತ್ರದ ಮಾತಲ್ಲ, ಒಳಗಿನ ರಚನೆಯ ಮಾತು. ಒಂದು ಹೋಲಿಕೆಯಿಂದ ಇದು ಸ್ಪಷ್ಟವಾದೀತು. ಆಗಮಗಳ ಕಾಲಮಾನದಲ್ಲಿ ‘ಶೀರ್ಷಪ್ರಹೇಲಿಕೆ’ಯೆಂಬ ಬಹು ದೊಡ್ಡ ಸಂಖ್ಯೆಯುಂಟು. 84 ಲಕ್ಷವನ್ನು 28 ಸಲ ಇಟ್ಟು ಗುಣಿಸಿದರೆ ಬರುವ ಅದಕ್ಕೆ 194 ಸ್ಥಾನಗಳು, ಅವುಗಳಲ್ಲಿ ಕೊನೆಯ 140 ಸೊನ್ನೆಗಳು. ಅದನ್ನು 196 ಸಲ ಅರ್ಧಮಾಡಬಹುದು. ಆಮೇಲೆ ಏನಾಗುತ್ತದೆ? ಮೂರು, ಐದು, ಏಳುಗಳಿಂದ ಕೂಡಿದ ಮಹಾ ಬೆಸಸಂಖ್ಯೆಯೊಂದು ಉಳಿದು ದಾರಿ ಕಟ್ಟುತ್ತದೆ. ಮನುಷ್ಯಸಂಖ್ಯೆಗೆ ಇಂಥ ತಡೆಯಿಲ್ಲ. ಅದನ್ನು ಭಾಗಿಸುವ ಅಂಕಗಳು 97 ಮಾತ್ರ: ಒಂದು, ಎರಡು, ನಾಲ್ಕು, ಎಂಟು ಎಂದು ಇಮ್ಮಡಿಯಾಗುತ್ತ ತನ್ನವರೆಗೆ. ಮೂರಕ್ಕೂ ಐದಕ್ಕೂ ಏಳಕ್ಕೂ ಅಲ್ಲಿ ಪ್ರವೇಶವಿಲ್ಲ.

ಅರ್ಧಮಾಡುವ ಸಲಗಳ ಎಣಿಕೆಗೆ ಧವಲಾ ಟೀಕೆಯನ್ನು ಬರೆದ ವೀರಸೇನಾಚಾರ್ಯರು ಬಳಸುವ ಹೆಸರು ‘ಅರ್ಧಚ್ಛೇದ’. ಹದಿನಾರಕ್ಕೆ ಅರ್ಧಚ್ಛೇದ 4, 256ಕ್ಕೆ 8, ಐದನೆಯ ವರ್ಗಕ್ಕೆ 32, ಆರನೆಯ ವರ್ಗಕ್ಕೆ 64. ಎರಡು ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ಅರ್ಧಚ್ಛೇದಗಳು ಕೂಡುತ್ತವೆ, ಭಾಗಿಸಿದರೆ ಕಳೆಯುತ್ತವೆ ಎಂಬ ನಿಯಮ ಧವಲೆಯಲ್ಲಿದೆ. 32ಕ್ಕೆ 64 ಕೂಡಿಸಿದರೆ 96. ಇಪ್ಪತ್ತು ಸ್ಥಾನದ ಸಂಖ್ಯೆಯನ್ನು ಹತ್ತು ಸ್ಥಾನದ ಸಂಖ್ಯೆಯಿಂದ ಗುಣಿಸುವ ದೀರ್ಘ ಶ್ರಮ ಶಾಲೆಯ ಹುಡುಗನ ಒಂದು ಕೂಡುವ ಲೆಕ್ಕಕ್ಕೆ ಇಳಿಯಿತು. ಮೂರರಿಂದ ಭಾಗಿಸುವ ಸಲಗಳಿಗೆ ತ್ರಿಕಚ್ಛೇದ, ನಾಲ್ಕರಿಂದ ಭಾಗಿಸುವುದಕ್ಕೆ ಚತುರ್ಥಚ್ಛೇದ, ಅರ್ಧಚ್ಛೇದದ ಅರ್ಧಚ್ಛೇದಕ್ಕೆ ವರ್ಗಶಲಾಕೆ ಎಂದೂ ಅಲ್ಲಿ ಹೆಸರುಗಳುಂಟು. ಯುರೋಪಿನಲ್ಲಿ ನೇಪಿಯರನು ಲಾಗರಿದಮ್ಮಿನ ಕೋಷ್ಟಕಗಳನ್ನು ಪ್ರಕಟಿಸಿದುದು 1614ರಲ್ಲಿ. ಧವಲೆ ಮುಗಿದುದು ಸಾಮಾನ್ಯವಾಗಿ ಒಪ್ಪಿರುವ ಎಣಿಕೆಯಂತೆ ಕ್ರಿ.ಶ. 816ರಲ್ಲಿ. ನೇಪಿಯರನ ಕೋಷ್ಟಕಗಳು ಎಲ್ಲ ಸಂಖ್ಯೆಗಳಿಗೂ ಒದಗುತ್ತವೆ, ಅರ್ಧಚ್ಛೇದದ ಬಳಕೆ ಮುಖ್ಯವಾಗಿ ಎರಡರ ಘಾತಗಳಲ್ಲಿ. ಈ ಅಂತರವನ್ನು ಮರೆತು ಹೊಗಳುವುದು ಸರಿಯಲ್ಲ. ಆದರೆ ಗುಣಾಕಾರವನ್ನು ಕೂಡುವಿಕೆಯಾಗಿಸುವ ಮೂಲ ಯುಕ್ತಿ ಎರಡಕ್ಕೂ ಒಂದೇ.

ಅರ್ಧಚ್ಛೇದದ ಬಲವನ್ನು ಈ ಊರಿನ ಒಂದು ಕಲ್ಲಿನಿಂದಲೇ ಅಳೆಯಬಹುದು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವನ್ನು ಹೊತ್ತ, ಸುಮಾರು 41 ಅಡಿ ಉದ್ದದ ಒಂದೇ ಬಂಡೆಯನ್ನು ಎಲ್ಲರೂ ಕಂಡಿದ್ದಾರೆ. ಅದನ್ನು ನಡುವಿಗೆ ಕತ್ತರಿಸಿ ಒಂದು ಹೋಳನ್ನು ಬಿಟ್ಟು ಇನ್ನೊಂದನ್ನು ಮತ್ತೆ ಕತ್ತರಿಸುತ್ತ ಹೋದರೆ, 37ನೆಯ ಸಲಕ್ಕೆ ಉಳಿಯುವ ಉದ್ದ ವಿಜ್ಞಾನಿಗಳು ಹೇಳುವ ಒಂದು ಜಲಜನಕ ಪರಮಾಣುವಿನಷ್ಟು. (ಇದು ಆಗಮಗಳ ಅವಿಭಾಜ್ಯ ಪರಮಾಣುವಲ್ಲ, ಹೆಸರೊಂದೇ, ವಸ್ತು ಬೇರೆ.) ಇನ್ನೂ 59 ಸಲ ಕತ್ತರಿಸುವುದು ಬಾಕಿ.

ಮಾನ್ವಿಯ ಕಡೆಯವರಿಗೆ ಭತ್ತದ ಲೆಕ್ಕ ಹೆಚ್ಚು ಹಿಡಿಸೀತು. ಗ್ರಾಮಿಗೆ 60 ಕಾಳೆಂದು ಹಿಡಿದರೆ 75 ಕಿಲೋದ ಚೀಲವೊಂದರಲ್ಲಿ 45 ಲಕ್ಷ ಕಾಳು; ಅರ್ಧಚ್ಛೇದ 22ಕ್ಕಿಂತ ತುಸು ಹೆಚ್ಚು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಬೆಳೆದ ಭತ್ತದ ಇಂಥ 240 ಚೀಲಗಳನ್ನು ಒಟ್ಟಿದರೆ ಅರ್ಧಚ್ಛೇದ 30. ಇಡೀ ಜಗತ್ತು ವರ್ಷವೊಂದರಲ್ಲಿ ಬೆಳೆಯುವ ಭತ್ತ ಸುಮಾರು 80 ಕೋಟಿ ಟನ್. ಅದರ ಕಾಳುಗಳನ್ನೆಲ್ಲ ಎಣಿಸಿದರೂ ಅರ್ಧಚ್ಛೇದ 55ನ್ನು ದಾಟಿ 56ನ್ನು ಮುಟ್ಟುವುದಿಲ್ಲ. ಚೀಲದಿಂದ ಜಗತ್ತಿಗೆ ಹೋದರೆ 22 ಎಂಬುದು 55 ಆಯಿತು, ಅಷ್ಟೆ. ಆದರೆ 55ರಿಂದ 96ಕ್ಕೆ ಹೋಗಬೇಕಾದರೆ ಅದೇ ಬೆಳೆಯನ್ನು ಸುಮಾರು 1,65,000 ಕೋಟಿ ವರ್ಷ ಕೂಡಿಡಬೇಕು. ಅರ್ಧಚ್ಛೇದ ಎಷ್ಟು ಸೌಮ್ಯವಾಗಿ ಕಾಣುತ್ತದೆಯೋ ಅದರ ಹಿಂದಿನ ಸಂಖ್ಯೆ ಅಷ್ಟೇ ಉಗ್ರವಾಗಿರುತ್ತದೆ.

96 ಎಂಬುದು ಹಲವು ವಿಧದಲ್ಲಿ ಪಾಲಾಗುವ ಅಂಕವಾದುದರಿಂದ ಈ ಸಂಖ್ಯೆ ಏಕಕಾಲದಲ್ಲಿ ವರ್ಗವೂ ಹೌದು, ಘನವೂ ಹೌದು. ಇದರ ವರ್ಗಮೂಲ 28,14,74,97,67,10,656. ಘನಮೂಲ ಐದನೆಯ ವರ್ಗವಾದ 429,49,67,296. ನೇಮಿಚಂದ್ರರು ‘ತ್ರಿಲೋಕಸಾರ’ದಲ್ಲಿ ಹದಿನಾಲ್ಕು ಧಾರೆಗಳನ್ನು ಹೇಳುತ್ತಾರೆ. ಅವುಗಳಲ್ಲಿ ದ್ವಿರೂಪ ವರ್ಗಧಾರೆ 4, 16, 256 ಎಂದು ನಡೆಯುವಂಥದು. ಆರನೆಯ ಏಳನೆಯ ವರ್ಗಗಳ ನಡುವೆ ಬೀಳುವ ಈ ಸಂಖ್ಯೆ ಅದರಲ್ಲಿ ಸಿಕ್ಕುವುದಿಲ್ಲ. ಆದರೆ 8ರಿಂದ ಹೊರಟು 64, 4,096 ಎಂದು ವರ್ಗಿಸುತ್ತ ನಡೆಯುವ ದ್ವಿರೂಪ ಘನಧಾರೆಯಲ್ಲಿ ಇದು ಸರಿಯಾಗಿ ಆರನೆಯ ಪದ. 16ನ್ನು 24 ಸಲ ಇಟ್ಟು ಗುಣಿಸಿದರೂ ಇದೇ ಬರುತ್ತದೆ. ಇಪ್ಪತ್ನಾಲ್ಕೆಂದ ಕೂಡಲೇ ತೀರ್ಥಂಕರರ ಸಂಖ್ಯೆಗೆ ಗಂಟುಹಾಕಬೇಕೆನಿಸುವುದು ಸಹಜ. ಅದು ಗುಣಾಕಾರದ ಆಕಸ್ಮಿಕವೇ ಹೊರತು ಆಗಮದ ಮಾತಲ್ಲ.

ಓಲೆಯ ಪ್ರತಿಕಾರನು ಒಂದಂಕಿ ತಪ್ಪಿದ್ದರೆ ತಿಳಿಯುವುದೆಂತು? ಅದಕ್ಕೂ ಸಂಖ್ಯೆಯ ಗುಣವೇ ಕಾವಲು. 64ನ್ನು 9ರಿಂದ ಭಾಗಿಸಿದರೆ ಶೇಷ 1. ಮನುಷ್ಯಸಂಖ್ಯೆಯೆಂದರೆ 64ನ್ನು 16 ಸಲ ಗುಣಿಸಿದ್ದು. ಒಂದನ್ನು ಎಷ್ಟು ಸಲ ಗುಣಿಸಿದರೂ ಒಂದೇ, ಆದ್ದರಿಂದ ಅದರ ಶೇಷವೂ 1. ಇತ್ತ 29 ಅಂಕಗಳನ್ನು ಕೂಡಿಸಿದರೆ ಮೊತ್ತ 127. ಅದನ್ನು 9ರಿಂದ ಭಾಗಿಸಿದರೆ ಶೇಷ 1. ಆದರೆ ಅಕ್ಕಪಕ್ಕದ ಎರಡು ಅಂಕಗಳು ಸ್ಥಾನ ಬದಲಿಸಿದ್ದರೆ ಮೊತ್ತಕ್ಕೆ ಗೊತ್ತಾಗುವುದಿಲ್ಲ. ಅದನ್ನು ಹಿಡಿಯುವುದು 11. ಬಿಡಿಸ್ಥಾನದಿಂದ ಹೊರಟು ಒಂದು ಬಿಟ್ಟು ಒಂದರಂತೆ ಕೂಡಿಸಿದರೆ 79; ಬಿಟ್ಟುಹೋದವುಗಳ ಮೊತ್ತ 48; ವ್ಯತ್ಯಾಸ 31; ಹನ್ನೊಂದರಿಂದ ಭಾಗಿಸಿದರೆ ಶೇಷ 9. ಇನ್ನೊಂದು ದಾರಿಯಿಂದ ನೋಡಿದರೆ, ಎರಡನ್ನು ಹತ್ತು ಸಲ ಗುಣಿಸಿದ 1,024ಕ್ಕೆ 11ರ ಶೇಷ 1. 96ರಲ್ಲಿ ಹತ್ತುಗಳನ್ನು ತೆಗೆದರೆ ಉಳಿಯುವುದು ಆರು. ಎರಡನ್ನು ಆರು ಸಲ ಗುಣಿಸಿದರೆ 64. ಅದರ ಶೇಷ 9. ಎರಡು ದಾರಿಗಳೂ ಕೂಡಿದವು. ಗಾಹೆಯ ಪಾಠ ಶುದ್ಧವಾಗಿದೆಯೆನ್ನಲು ಇದು ಒಳ್ಳೆಯ ಆಧಾರ.

ಪಾಠ ಶುದ್ಧವೆಂದರೆ ಹೇಳಿಕೆಯೂ ನಿಜವೆಂದಾಗಲಿಲ್ಲ. ಇಲ್ಲಿಯೇ ವೀರಸೇನಾಚಾರ್ಯರು ಮಧ್ಯೆ ಬರುತ್ತಾರೆ, ಅದೂ ನೇಮಿಚಂದ್ರರಿಗಿಂತ ಒಂದೂವರೆ ಶತಮಾನಕ್ಕೂ ಮುಂಚೆ. ‘ಷಟ್ಖಂಡಾಗಮ’ದ ಸೂತ್ರ ಪರ್ಯಾಪ್ತ ಮನುಷ್ಯರಿಗೆ ಎರಡು ಬೇಲಿಗಳನ್ನು ಹಾಕಿದೆ. ಎರಡರ ಆರನೆಯ ವರ್ಗಕ್ಕಿಂತ ಮೇಲೆ, ಏಳನೆಯದಕ್ಕಿಂತ ಕೆಳಗೆ ಎಂಬುದು ಒಂದು. ಮೂರು ಸಲ ಗುಣಿಸಿದ ಕೋಟಿಗಿಂತ ಮೇಲೆ, ನಾಲ್ಕು ಸಲ ಗುಣಿಸಿದ ಕೋಟಿಗಿಂತ ಕೆಳಗೆ ಎಂಬುದು ಇನ್ನೊಂದು. 96 ಅರ್ಧಚ್ಛೇದಗಳ ಸಂಖ್ಯೆ ಮೊದಲ ಬೇಲಿಯೊಳಗೆ ಸುಖವಾಗಿ ಇರುತ್ತದೆ. ಎರಡನೆಯದರಲ್ಲಿ ಎಡವುತ್ತದೆ. ಕೋಟಿಯನ್ನು ನಾಲ್ಕು ಸಲ ಗುಣಿಸಿದರೆ ಒಂದರ ಮುಂದೆ 28 ಸೊನ್ನೆ. ಅದಕ್ಕೂ 29 ಸ್ಥಾನ, ಇದಕ್ಕೂ 29 ಸ್ಥಾನ. ಸ್ಥಾನಗಳನ್ನಷ್ಟೇ ಎಣಿಸುವವನಿಗೆ ಎರಡೂ ಸಮ. ಆದರೆ ಅದರ ಮೊದಲ ಅಂಕ 1, ಇದರದು 7. ಅಂದರೆ ಇದು ಮೇರೆಯನ್ನು ಸುಮಾರು ಎಂಟು ಪಟ್ಟು ಮೀರಿದೆ.

ವೀರಸೇನರು ಈ ಸೂಕ್ಷ್ಮವನ್ನು ಬಿಡಲಿಲ್ಲ. ಕೆಲವು ಆಚಾರ್ಯರು ಹೇಳುವ 29 ಸ್ಥಾನದ ಸಂಖ್ಯೆಯನ್ನು ಎತ್ತಿಕೊಂಡು ಮನುಷ್ಯಕ್ಷೇತ್ರದ ಕ್ಷೇತ್ರಫಲವನ್ನೇ ಲೆಕ್ಕಹಾಕಿ, ಅಷ್ಟು ಮನುಷ್ಯರಿಗೆ ಅಲ್ಲಿ ಎಡೆಯಿಲ್ಲವೆಂದು ತೋರಿಸಿ, ಆ ಮತವನ್ನು ನಿರಾಕರಿಸಿದರು. ಧವಲೆಯ ಗಣಿತವನ್ನು ಕುರಿತು 1940ರ ದಶಕದಲ್ಲಿ ಬರೆದ ಗಣಿತಜ್ಞ ಅವಧೇಶ ನಾರಾಯಣ ಸಿಂಗರು ಈ ಸಂದರ್ಭವನ್ನು ವಿಶೇಷವಾಗಿ ಎತ್ತಿಹೇಳಿದ್ದಾರೆ.

ಶಾಸ್ತ್ರದ ಅಳತೆಗಳಿಂದ ಸ್ಥೂಲವಾಗಿ ಇದನ್ನು ಯಾರೂ ಮಾಡಿ ನೋಡಬಹುದು; ಕೆಳಗಿನ ಅಂಕಿಗಳು ಧವಲೆಯ ಪಾಠವಲ್ಲ, ಕೇಳುಗರ ಅನುಕೂಲಕ್ಕಾಗಿ ಮಾಡಿದ ಎಣಿಕೆ. ಎರಡೂವರೆ ದ್ವೀಪಗಳ ಮನುಷ್ಯಕ್ಷೇತ್ರದ ವ್ಯಾಸ 45 ಲಕ್ಷ ಯೋಜನ. ಹತ್ತರ ವರ್ಗಮೂಲವನ್ನು ಪರಿಧಿಗೆ ಹಿಡಿಯುವ ಹಳೆಯ ಕ್ರಮದಲ್ಲಿ ಅದರ ಕ್ಷೇತ್ರಫಲ ಸುಮಾರು 16 ಲಕ್ಷ ಕೋಟಿ ಚದರ ಯೋಜನ. ಯೋಜನಕ್ಕೆ 8,000 ಧನುಸ್ಸು, ಧನುಸ್ಸಿಗೆ 96 ಅಂಗುಲ. (ಮತ್ತೆ 96! ಇದೂ ಆಕಸ್ಮಿಕವೇ.) ದ್ವೀಪಸಮುದ್ರಗಳನ್ನು ಅಳೆಯುವ ಪ್ರಮಾಣಾಂಗುಲ ದೇಹವನ್ನು ಅಳೆಯುವ ಉತ್ಸೇಧಾಂಗುಲದ 500 ಪಟ್ಟು; ಅಷ್ಟು ಉದಾರವಾದ ಅಳತೆಯನ್ನೇ ಹಿಡಿಯೋಣವೆಂದರೂ, ಸಮುದ್ರಗಳನ್ನೂ ಪರ್ವತಗಳನ್ನೂ ನೆಲದಲ್ಲೇ ಸೇರಿಸಿದರೂ, 29 ಸ್ಥಾನದ ಜನಸಂಖ್ಯೆಗೆ ಹಂಚಿದಾಗ ಒಬ್ಬೊಬ್ಬರ ಪಾಲಿಗೆ ಬರುವುದು ಸುಮಾರು 30 ಚದರ ಉತ್ಸೇಧಾಂಗುಲ. ಪಾದವೆಂಬ ಅಳತೆಯೇ ಆರು ಅಂಗುಲ. ಒಂದು ಚದರ ಪಾದವೆಂದರೆ 36. ಮನುಷ್ಯನಿಗೆ ಒಂದು ಚದರ ಪಾದದಷ್ಟೂ ಜಾಗವಿಲ್ಲ!

ಆದರೂ ನೇಮಿಚಂದ್ರರು ಗೊಮ್ಮಟಸಾರದಲ್ಲಿ ಇರಿಸಿಕೊಂಡದ್ದು ಆ ಸಂಖ್ಯೆಯನ್ನೇ. ಧವಲೆಯ ಸಾರವನ್ನು ಹಿಂಡಿ ಗ್ರಂಥ ಬರೆದವರು ಈ ಒಂದು ಎಡೆಯಲ್ಲಿ ಧವಲಾಕಾರರ ಆಕ್ಷೇಪವನ್ನು ಹಿಂಬಾಲಿಸಲಿಲ್ಲ. ಗುರುಪರಂಪರೆಯಿಂದ ಬಂದುದನ್ನು ಉಳಿಸುವುದು ಒಂದು ಕರ್ತವ್ಯ, ಬಂದುದನ್ನು ಅಳೆದು ನೋಡುವುದು ಇನ್ನೊಂದು. ಇಬ್ಬರು ಮಹನೀಯರಲ್ಲಿ ಒಬ್ಬೊಬ್ಬರು ಒಂದೊಂದರ ಕಡೆಗೆ ಒಲಿದರು. ಗಣಿತದ ದೃಷ್ಟಿಯಿಂದ ಮಾತ್ರ ವೀರಸೇನರ ಪಕ್ಷವೇ ಬಲವಾದುದೆನ್ನಬೇಕು. ಸೂತ್ರದ ಮೇರೆ ಅವರ ಕಡೆಗಿದೆ, ಕ್ಷೇತ್ರಫಲವೂ ಅವರ ಕಡೆಗಿದೆ. ಎದುರು ಪಕ್ಷಕ್ಕಿರುವುದು ಪರಂಪರೆಯ ಬೆಂಬಲ ಮತ್ತು ಸಂಖ್ಯೆಯ ಸೊಗಸು.

ಈ ಚರ್ಚೆಯ ಎರಡೂ ಕಡೆಗಳು ಉಳಿದುಬಂದುದರಲ್ಲಿ ಕನ್ನಡದ ಪಾಲು ದೊಡ್ಡದು. ಧವಲೆಯ ಹಳೆಯ ಓಲೆಗರಿಗಳು ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರಕ್ಷಿತವಾಗಿದ್ದವು. ಅವುಗಳಿಂದ ಇಳಿದ ಪ್ರತಿಗಳ ಆಧಾರದ ಮೇಲೆ ಡಾ. ಹೀರಾಲಾಲ ಜೈನರು 1939ರಿಂದ ಸಂಪುಟಗಳನ್ನು ಹೊರತರುವವರೆಗೆ ವೀರಸೇನರ ಈ ಲೆಕ್ಕ ಹೊರಜಗತ್ತಿಗೆ ತಿಳಿದಿರಲಿಲ್ಲ. ಗೊಮ್ಮಟಸಾರಕ್ಕೆ 1359ರಲ್ಲಿ ಕೇಶವವರ್ಣಿ ಕನ್ನಡದಲ್ಲಿ ‘ಜೀವತತ್ತ್ವಪ್ರದೀಪಿಕೆ’ಯನ್ನು ಬರೆದನು. ಅದನ್ನು ಆಧರಿಸಿ ಸಂಸ್ಕೃತ ಟೀಕೆ ಹುಟ್ಟಿತು. ಆ ಸಂಸ್ಕೃತವನ್ನು ಹಿಡಿದು 18ನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ತಮ್ಮ ದೇಶಭಾಷೆಯಲ್ಲಿ ವಿವರಿಸಿದರು. ಸಂಸ್ಕೃತ ಟೀಕೆಗೆ ಮೂಲ ಕನ್ನಡ ವೃತ್ತಿಯೆಂಬುದನ್ನು ಸ್ಥಾಪಿಸಿದವರು ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು. ಉತ್ತರ ದೇಶದ ಸ್ವಾಧ್ಯಾಯ ಶಾಲೆಗಳಲ್ಲಿ ಗೊಮ್ಮಟಸಾರದ ಲೆಕ್ಕವನ್ನು ಓದುವವರು ತಿಳಿದೋ ತಿಳಿಯದೆಯೋ ಕನ್ನಡದ ಋಣದಲ್ಲಿದ್ದಾರೆ.

ಕಡೆಗೆ, ಇಂದಿನ ಭೂಮಿಯ ಜನಸಂಖ್ಯೆ ಈ ಅಳತೆಗೋಲಿನಲ್ಲಿ ಎಲ್ಲಿ ನಿಲ್ಲುತ್ತದೆಯೆಂಬ ಕುತೂಹಲ ಕೆಲವರಿಗಾದರೂ ಇದ್ದೀತು. ಆಗಮದ ಮನುಷ್ಯಕ್ಷೇತ್ರ ಈ ಭೂಗೋಳವಲ್ಲವಾದುದರಿಂದ ಎರಡನ್ನೂ ಎದುರುಬದುರು ನಿಲ್ಲಿಸಿ ವಾದಿಸುವಂತಿಲ್ಲ. ಕೇವಲ ಅರ್ಧಚ್ಛೇದದ ಅಭ್ಯಾಸಕ್ಕಾಗಿ ನೋಡಬಹುದು. ಜಗತ್ತಿನ ಜನ 1974ರಲ್ಲಿ 400 ಕೋಟಿ, 1987ರಲ್ಲಿ 500 ಕೋಟಿ. ಈ ನಡುವೆ ಮನುಕುಲ ಎರಡರ ಐದನೆಯ ವರ್ಗವಾದ 429 ಕೋಟಿ ಚಿಲ್ಲರೆಯನ್ನು, ಎಂದರೆ 32ನೆಯ ಅರ್ಧಚ್ಛೇದವನ್ನು, ದಾಟಿತು. 2022ರ ನವೆಂಬರಿನಲ್ಲಿ ವಿಶ್ವಸಂಸ್ಥೆಯ ಎಣಿಕೆಯಂತೆ 800 ಕೋಟಿ ತುಂಬಿತು. 33 ಅರ್ಧಚ್ಛೇದಗಳ ಸಂಖ್ಯೆ 858,99,34,592.